ಮನೆ ನೋಡುವ ಮೊದಲು ದಾರಿ ನೋಡು

ತಮ್ಮಾ,

ಬದಿಯಡ್ಕದಿಂದ ನೀನು ಬರೆದದ್ದು ಓದಿದೆ. ಹೂಸ್ಟನ್‌ನಲ್ಲಿ ಕೆಲಸ ಸಿಕ್ಕಿದೆ, ನಗರದ ಪಶ್ಚಿಮಕ್ಕೆ ದೂರದ ಕೇಟಿ ಕಡೆ ಬಾಡಿಗೆ ಕಡಿಮೆ, ಅಂಗಡಿ ಅರ್ಧ ಕಿಲೋಮೀಟರ್, ಅಮ್ಮನೂ ಜೊತೆಗಿರುತ್ತಾರೆ, ಒಂದು ವರ್ಷ ಕಾರಿಲ್ಲದೆ ಆಗುತ್ತದಾ ಅಂತ ಕೇಳಿದ್ದೀಯ.

ಆ ಅರ್ಧ ಕಿಲೋಮೀಟರನ್ನು ನಂಬಬೇಡ. ಹೂಸ್ಟನ್‌ಗೆ ಬಂದ ಹೊಸತರಲ್ಲಿ ನಾನೂ ಅಂಥದ್ದೇ ಮನೆ ಹಿಡಿದಿದ್ದೆ. ಹಿತ್ತಿಲ ಬೇಲಿಯ ಆಚೆಗೇ ಅಂಗಡಿಯ ದೀಪ ಕಾಣುತ್ತಿತ್ತು. ಹೋಗಬೇಕಾದರೆ ಬಡಾವಣೆಯೆಲ್ಲಾ ಸುತ್ತಿ, ಇರುವ ಒಂದೇ ಬಾಗಿಲಿಗೆ ಬಂದು, ದೊಡ್ಡ ರಸ್ತೆಯ ಬದಿ ಬಿಸಿಲಲ್ಲಿ ಮೂರು ಕಿಲೋಮೀಟರ್ ನಡೆಯಬೇಕು. ನಮ್ಮೂರಲ್ಲೂ ಮನೆಗಳು ದೂರ ದೂರವೇ, ಅಲ್ವಾ? ಗುಡ್ಡೆಗೊಂದು, ತೋಟಕ್ಕೊಂದು. ಆದರೆ ಗದ್ದೆಗೆ ಕಟ್ಟಪುಣಿ ಇದೆ, ತೋಡಿಗೆ ಅಡಕೆ ಮರದ ಸಂಕ ಇದೆ. ಯಾರ ತೋಟದೊಳಗೆ ದಾಟಿದರೂ "ಎಲ್ಲಿಗೆ ಹೊರಟದ್ದು?" ಅಂತ ಕೇಳುತ್ತಾರೆ, ಅಷ್ಟೆ. ಇಲ್ಲಿ ಬೇಲಿ ದಾಟುವ ಹಾಗಿಲ್ಲ. ನಮ್ಮೂರ ಕಡೆಯ ಹೆದ್ದಾರಿ 66 ಆರು ಲೇನ್ ಆದ ಮೇಲೆ ಆಚೆ ಬದಿಗೆ ಹೋಗಲು ಎಷ್ಟು ಸುತ್ತಬೇಕು ಅಂತ ನಿನಗೇ ಗೊತ್ತು. ಇಲ್ಲಿ ದಿನವೂ ಅದೇ. ಆ ವರ್ಷ ಬಂದಿದ್ದ ನನ್ನಮ್ಮ ಆರು ತಿಂಗಳು ಕಿಟಕಿ ಪಕ್ಕವೇ ಕೂತಿದ್ದರು. ಅದನ್ನು ನೆನೆಸಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಹಳೆಯ ಹೂಸ್ಟನ್ ಹೀಗಿಲ್ಲ. 1891ರಲ್ಲಿ ಶುರುವಾದ ಹೈಟ್ಸ್ ಅನ್ನುವ ಬಡಾವಣೆ ಚದುರಂಗದ ಮಣೆಯ ಹಾಗಿದೆ. ಒಂದು ಬೀದಿ ಮುಚ್ಚಿದರೆ ಪಕ್ಕದ್ದರಲ್ಲಿ ಹೋಗಬಹುದು. 1930ರ ದಶಕದಲ್ಲಿ, ಮನೆ ಸಾಲಕ್ಕೆ ಖಾತರಿ ಕೊಡುತ್ತಿದ್ದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಬಾಗುವ ಬೀದಿ, ಡೆಡ್ ಎಂಡ್‌ಗಳೇ ಒಳ್ಳೆಯದು ಅಂದಿತು. ಹಾದುಹೋಗುವ ಗಾಡಿಗಳ ಕಾಟ ಇರುವುದಿಲ್ಲ ಅನ್ನುವುದು ಕಾರಣ. ಆ ಮಟ್ಟಿಗೆ ನಿಜವೇ. ಆದರೆ ಊರು ಬೆಳೆದಷ್ಟೂ ಅಂಥ ಬಡಾವಣೆಗಳೇ ಬಂದವು, ಎಲ್ಲರೂ ಅದೇ ದೊಡ್ಡ ರಸ್ತೆಗೆ ಬೀಳಬೇಕಾಯಿತು. ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಅಗಲ ಮಾಡಿದರು. ಸರ್ವೀಸ್ ರಸ್ತೆ ಸೇರಿ ಕೆಲವು ಕಡೆ 26 ಲೇನ್! ಕೆಲವೇ ವರ್ಷಗಳಲ್ಲಿ ಮತ್ತೆ ಬ್ಲಾಕ್. 1990ರ ದಶಕದ ನಡುವಿನಿಂದ ಅಮೆರಿಕದಲ್ಲಿ ಹೊಸದಾಗಿ ಹಾಕುವ ಬೀದಿಗಳು ಒಂದಕ್ಕೊಂದು ಸ್ವಲ್ಪ ಜಾಸ್ತಿ ಕೂಡುತ್ತಿವೆ. ಆದರೆ ಹಳೆಯದು ಸರಿಯಾಗುವುದು ತೀರಾ ಕಷ್ಟ. ಮನೆ ಕೆಡವಿ ಕಟ್ಟುತ್ತಾರೆ, ಬೀದಿಯ ಗೆರೆ ಮಾತ್ರ ಹಾಗೇ ಉಳಿಯುತ್ತದೆ.

ಹಾಗಾಗಿ ಮ್ಯಾಪಿನಲ್ಲಿ ನಡೆಯುವ ದಾರಿ ಹಾಕಿ ನೋಡು. ನಾಲ್ಕು ಬೀದಿ ಕೂಡುವ ಜಾಗಗಳು ಎಷ್ಟಿವೆ ಎಣಿಸು, ಜಾಸ್ತಿ ಇದ್ದಷ್ಟೂ ಸುತ್ತು ಕಡಿಮೆ. ಬಾಡಿಗೆ ಜಾಸ್ತಿಯಾದರೂ ನಗರದ ನಡುವಿನ ಮಿಡ್‌ಟೌನ್ ಕಡೆ, 2004ರಲ್ಲಿ ಶುರುವಾದ ರೈಲಿನ ಹತ್ತಿರ, ಸಣ್ಣ ಮನೆ ಹಿಡಿ. ಆಫೀಸು ಎಲ್ಲಿ ಅಂತ ನೀನು ಬರೆದಿಲ್ಲ. ವಿಳಾಸ ಕಳಿಸು. ಶನಿವಾರ ನಾನೇ ಹೋಗಿ, ಅಮ್ಮ ನಡೆಯುವಷ್ಟು ನಿಧಾನಕ್ಕೆ ಆ ದಾರಿ ನಡೆದು ನೋಡಿ ಹೇಳುತ್ತೇನೆ.