‘ಲಿಮಿಟೆಡ್’ ಬೋರ್ಡಿಗೆ ಹೆದರಿ ವಾಪಸ್ ಬರಬೇಡಿ

ಪ್ರಶ್ನೆ: ನಮ್ಮ ಬಡಾವಣೆಯ ಕಾಮಗಾರಿಯ ಲೆಕ್ಕ ಕೇಳಿ ಬೆಂಗಳೂರಿನ ಒಂದು ಸರ್ಕಾರಿ ಕಂಪನಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟೆ. ‘ನಮ್ಮದು ಕಂಪನಿ, ಇಲಾಖೆಯಲ್ಲ’ ಎಂದು 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಮೇತ ಕೌಂಟರಿನಲ್ಲೇ ಹಿಂತಿರುಗಿಸಿದರು. ಕಂಪನಿಯನ್ನು ಪ್ರಶ್ನಿಸುವ ಹಕ್ಕು ನಮಗಿಲ್ಲವೇ?

ಉತ್ತರ: ಇದೆ. ಈ ಪ್ರಶ್ನೆ ಎಷ್ಟನೆಯ ಬಾರಿ ಬಂದಿದೆಯೋ, ಲೆಕ್ಕ ಬಿಟ್ಟಿದ್ದೇನೆ. ಪ್ರತಿ ಸಲವೂ ಆ ಕೌಂಟರಿನವರ ಮೇಲೆ ಕೋಪ ಉಕ್ಕುತ್ತದೆ. ಬೆಸ್ಕಾಂ ಕಂಪನಿಯೇ. ಕೇಂದ್ರ ಮತ್ತು ರಾಜ್ಯ ಸಮಪಾಲು ಹೊಂದಿರುವ ಮೆಟ್ರೋ ನಿಗಮವೂ ಕಂಪನಿಯೇ. ಸರ್ಕಾರದ ಒಡೆತನ ಅಥವಾ ಹಿಡಿತದಲ್ಲಿರುವ ಸಂಸ್ಥೆ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಚ್) ಪ್ರಕಾರ ಸಾರ್ವಜನಿಕ ಪ್ರಾಧಿಕಾರ. ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಅವರ ಉತ್ತರವಾದ ಹಿಂಬರಹವನ್ನು ಬರವಣಿಗೆಯಲ್ಲೇ ಪಡೆಯಿರಿ, ಅದು ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಿ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಲಿ, 150 ಪದ ದಾಟದಿರಲಿ. ನಮ್ಮ ರಾಜ್ಯದ ನಿಯಮ ಹಾಗಿದೆ; ತಿರಸ್ಕರಿಸಲು ಅವರಿಗೆ ನೆವ ಕೊಡಬೇಡಿ.

ಮೂಲಭೂತ ಹಕ್ಕುಗಳ ಮಾತೂ ಇದೇ. ಮುಂಬೈ ವಿಮಾನ ನಿಲ್ದಾಣದ ಉಪಾಹಾರ ಗೃಹದ ಟೆಂಡರಿನಲ್ಲಿ ಅನುಭವದ ಷರತ್ತು ಪೂರೈಸದವರಿಗೆ ಗುತ್ತಿಗೆ ಹೋಗಿತ್ತು. ಸರ್ಕಾರದ ಕೈಯಾಗಿ ಕೆಲಸ ಮಾಡುವ ನಿಗಮವೂ ಸಂವಿಧಾನದ 12ನೇ ವಿಧಿಯ ‘ಪ್ರಭುತ್ವ’ವೇ (ಅಂದರೆ ಸರ್ಕಾರದಂತೆಯೇ ಮೂಲಭೂತ ಹಕ್ಕುಗಳಿಗೆ ಬದ್ಧ), ಮನಸ್ಸಿಗೆ ಬಂದವರಿಗೆ ಗುತ್ತಿಗೆ ಕೊಡುವಂತಿಲ್ಲ ಎಂದು 1979ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಆ ಗುತ್ತಿಗೆಯನ್ನು ಪ್ರಶ್ನಿಸಿದ ಅರ್ಜಿದಾರರಿಗೆ ಪರಿಹಾರ ಸಿಗಲಿಲ್ಲ. ಐದು ತಿಂಗಳಿಗೂ ಹೆಚ್ಚು ತಡಮಾಡಿ ಕೋರ್ಟಿಗೆ ಬಂದಿದ್ದರು, ಅಷ್ಟರಲ್ಲಿ ಗುತ್ತಿಗೆ ಪಡೆದವರು ಹಣ ಸುರಿದಾಗಿತ್ತು.

ಹೀಗಾಗಿಯೇ ತಡಮಾಡಬೇಡಿ ಎನ್ನುತ್ತೇನೆ. ಏರ್ ಇಂಡಿಯಾ ನೌಕರರು ವೇತನ, ಬಡ್ತಿಗಾಗಿ ರಿಟ್ (ಹಕ್ಕಿನ ರಕ್ಷಣೆ ಕೋರಿ ನೇರವಾಗಿ ಹೈಕೋರ್ಟಿಗೆ ಹಾಕುವ ಅರ್ಜಿ) ಹೂಡಿದಾಗ ಅದು ಸರ್ಕಾರದ್ದಾಗಿತ್ತು. ವಿಚಾರಣೆ ವರ್ಷಗಟ್ಟಲೆ ಎಳೆಯಿತು, 2022ರ ಜನವರಿಯಲ್ಲಿ ಕಂಪನಿ ಟಾಟಾ ಪಾಲಾಯಿತು. ಇನ್ನು ಇದು ಪ್ರಭುತ್ವವಲ್ಲ, ರಿಟ್ ನಿಲ್ಲದು ಎಂದು ಬಾಂಬೆ ಹೈಕೋರ್ಟ್ ಹೇಳಿದ್ದನ್ನು 2024ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನೌಕರರ ದೂರು ಇದ್ದಂತೆಯೇ ಇತ್ತು. ಷೇರು ಕೈಬದಲಾದದ್ದಕ್ಕೆ ಅದನ್ನು ರಿಟ್ ಮೂಲಕ ಕೇಳುವ ಬಾಗಿಲು ಮುಚ್ಚಿತು. ಇದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ಪ್ರಶ್ನೆ: ಪ್ಯಾನ್ ಕಾರ್ಡಿನಲ್ಲಿ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿದ್ದರೆ ನಾವೂ ಒಂದು ಕಂಪನಿಯೇ ಅಂತೆ, ಅಫಿಡವಿಟ್ ಮಾಡಿಸಿ ಅದರಿಂದ ಹೊರಬಂದರೆ ತೆರಿಗೆ ಇಲ್ಲವಂತೆ. ನಿಜವೇ?

ಉತ್ತರ: ಶುದ್ಧ ಸುಳ್ಳು. ಅಂಥ ಅಫಿಡವಿಟ್ ಮಾರುವವನು ವಂಚಕ, ಹಣ ಕೊಡಬೇಡಿ.

ಪ್ರಶ್ನೆ: ಖಾಸಗಿ ಕಂಪನಿ ಕೆಲಸದಿಂದ ತೆಗೆದಿದೆ. ರಿಟ್ ಹಾಕಲೇ?

ಉತ್ತರ: ಸಾಮಾನ್ಯವಾಗಿ ನಿಲ್ಲದು. ನೇಮಕಾತಿ ಪತ್ರ ಹಿಡಿದು ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಈ ವಾರವೇ ಕಾಣಿ.