ಕಿವುಡಾದ ಮೇಲೂ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ರಚಿಸಿದ ಚೆಕ್ ಸಂಯೋಜಕ ಯಾರು?

ಬೆಡ್ರಿಖ್ ಸ್ಮೆಟಾನಾ (1824–1884). ಇಂದಿನ ಚೆಕ್ ದೇಶದ ಭಾಗವಾದ ಬೊಹೀಮಿಯಾದ ಲಿಟೊಮಿಶ್ಲ್‌ನಲ್ಲಿ ಬಿಯರ್ ತಯಾರಕನ ಮಗನಾಗಿ ಹುಟ್ಟಿದರು. ಆಸ್ಟ್ರಿಯಾದ ಆಳ್ವಿಕೆ, ಜರ್ಮನ್ ಶಿಕ್ಷಣ. ಹಾಗಾಗಿ ಚೆಕ್ ಒಪೆರಾದ ಜನಕ ಎನಿಸಿಕೊಂಡವರು ಚೆಕ್ ಭಾಷೆಯಲ್ಲಿ ಬರೆಯುವುದನ್ನು ರೂಢಿಸಿಕೊಂಡದ್ದು ನಡುವಯಸ್ಸಿನ ಹೊತ್ತಿಗೆ! ಹಳ್ಳಿಯ ಮದುವೆ ಸಂಧಾನದ ನಗೆ ಒಪೆರಾ ‘ದಿ ಬಾರ್ಟರ್ಡ್ ಬ್ರೈಡ್’ 1866ರಲ್ಲಿ ಪ್ರಾಗ್‌ನಲ್ಲಿ ಮೊದಲು ರಂಗಕ್ಕೆ ಬಂದಾಗ ಸೋತಿತು. ಹಲವು ಬಾರಿ ತಿದ್ದಿ, 1870ರಲ್ಲಿ ಅಂತಿಮ ರೂಪ ಕೊಟ್ಟರು. ಇಂದು ಅವರ ಒಪೆರಾಗಳಲ್ಲಿ ಹೊರದೇಶಗಳಿಗೆ ಹೆಚ್ಚು ಪರಿಚಿತವಾದದ್ದು ಅದೇ.

1874ರಲ್ಲಿ ಶ್ರವಣಶಕ್ತಿ ಪೂರ್ತಿ ಹೋಯಿತು. ಆಮೇಲೂ ಮೂರು ಒಪೆರಾಗಳನ್ನು ಮುಗಿಸಿದರು. 1876ರ ತಂತಿವಾದ್ಯ ಚತುಷ್ಟಯದ (ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿ) ಕೊನೆಯಲ್ಲಿ ಪಿಟೀಲಿನ ಒಂದು ತಾರಸ್ವರ ಥಟ್ಟನೆ ಚುಚ್ಚುತ್ತದೆ: ಅದು ಅವರ ಕಿವಿಯೊಳಗಿನ ಮೊರೆತ. ನನ್ನ ಮಟ್ಟಿಗೆ ಒಪೆರಾಗಳಿಗಿಂತ ಇದೇ ಮೇಲು. ಹೊಸಬರು ಮಾತ್ರ ‘ಮಾ ವ್ಲಾಸ್ತ್’ (ನನ್ನ ತಾಯ್ನಾಡು) ಎಂಬ ಅವರ ವಾದ್ಯವೃಂದ ಕೃತಿಮಾಲೆಯಲ್ಲಿ ವ್ಲ್ತಾವಾ ನದಿಯನ್ನು ಸಂಗೀತದಲ್ಲಿ ಚಿತ್ರಿಸುವ ‘ವ್ಲ್ತಾವಾ’ದಿಂದ ಆರಂಭಿಸುವುದು ಒಳ್ಳೆಯದು.