ತೇವ ಕುಡಿದ ಚಾವಣಿಗೆ ಬಣ್ಣ ಮದ್ದಲ್ಲ

ಬೆಂಗಳೂರಿನ ಮೂವತ್ತು–ನಲವತ್ತು ಅಡಿಯ ನಿವೇಶನಗಳಲ್ಲಿ ಎದ್ದಿರುವ ಹಳೆಯ ಬಾಡಿಗೆ ಕಟ್ಟಡಗಳನ್ನು ಕೊಂಡವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ವಾರದ ಅಂಕಣದ ಬಹುಪಾಲು ಜಾಗ ಅದಕ್ಕೇ. ಖಾತೆ, ಋಣಭಾರ ಪತ್ರ, ಮೂಲ ಕ್ರಯಪತ್ರಗಳನ್ನು ವಕೀಲರಿಗೆ ತೋರಿಸಿಯೇ ಕೊಂಡಿದ್ದೀರಿ ಎಂದುಕೊಂಡು ಮುಂದುವರಿಯುತ್ತೇನೆ.

ಪ್ರಶ್ನೆ: ಇಪ್ಪತ್ತು ವರ್ಷ ಹಳೆಯ, ಆರು ಬಾಡಿಗೆ ಮನೆಗಳ ಕಟ್ಟಡ ಖರೀದಿಸಿದ್ದೇವೆ. ಎರಡನೇ ಮಹಡಿಯ ಬಚ್ಚಲಿನ ನೀರು ಕೆಳಗಿನ ಮನೆಯ ಚಾವಣಿಯಲ್ಲಿ ಜಿನುಗುತ್ತಿದೆ. ಚಾವಣಿಗೆ ರಾಸಾಯನಿಕ ಇಂಜೆಕ್ಷನ್, ಹೊರಗೋಡೆಗೆ ವಾಟರ್‌ಪ್ರೂಫ್ ಬಣ್ಣ, ಹತ್ತು ವರ್ಷದ ಗ್ಯಾರಂಟಿ ಎಂದು ಗುತ್ತಿಗೆದಾರರು ಹೇಳುತ್ತಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ಬೇಡ. ನೀರು ಎಲ್ಲಿಂದ ಬರುತ್ತಿದೆ ಎಂದು ನೋಡದೆಯೇ ಗ್ಯಾರಂಟಿ ಕೊಡುವವರಿಗೆ ಮುಂಗಡವನ್ನೇ ಕೊಡಬೇಡಿ. ಮುಂದಿನ ಮಳೆಗಾಲಕ್ಕೆ ಆ ಗ್ಯಾರಂಟಿ ಪತ್ರ ನಿಮ್ಮ ಬಳಿ ಇರುತ್ತದೆ, ಕೊಟ್ಟವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ.

ಮೊದಲು ಕೆಳಗಿನ ಮನೆಯವರನ್ನು ವಿಚಾರಿಸಿ. ಹಗಲೂ ರಾತ್ರಿಯೂ ಒಂದೇ ಸಮನೆ ಜಿನುಗಿದರೆ ನೀರು ಪೂರೈಸುವ ಪೈಪ್ ಒಡೆದಿರುವ ಸಾಧ್ಯತೆ ಹೆಚ್ಚು. ಬೆಳಗಿನ ಸ್ನಾನದ ಹೊತ್ತು ಕಳೆದ ಮೇಲೆ ಹೆಚ್ಚಾದರೆ ದೋಷ ಬಚ್ಚಲಿನ ನೆಲದಲ್ಲೋ ಚರಂಡಿ ಪೈಪಿನಲ್ಲೋ ಇದೆ. ಮಳೆ ಬಂದಾಗ ಮಾತ್ರ ಕಾಣಿಸಿದರೆ ಹೊರಗೋಡೆಯನ್ನು ನೋಡಬೇಕು. ಬಣ್ಣದ ಮಾತು ಬರುವುದು ಆಗಷ್ಟೇ. ಖಚಿತವಾಗಬೇಕೆಂದರೆ ನಹಾನಿ ಟ್ರ್ಯಾಪ್ (ಬಚ್ಚಲ ನೆಲದಿಂದ ನೀರು ಹೊರಹೋಗುವ ಜಾಲರಿಯ ಕಿಂಡಿ) ಮುಚ್ಚಿ, ಬಚ್ಚಲಲ್ಲಿ ಒಂದು ಅಂಗುಲ ನೀರು ನಿಲ್ಲಿಸಿ. ನೀರಿಗೆ ಬಣ್ಣ ಬೆರೆಸಿ, ಎರಡು ದಿನ ಕೆಳಗಿನ ಚಾವಣಿ ನೋಡುತ್ತಿರಿ. ಇದಕ್ಕೆ ತಗಲುವ ಖರ್ಚು ಎಷ್ಟು? ಆದರೂ ಯಾರೂ ಮಾಡುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ನಮ್ಮ ಬಚ್ಚಲುಗಳಲ್ಲಿ ಸ್ಲ್ಯಾಬನ್ನು ಸುಮಾರು ಒಂದು ಅಡಿ ತಗ್ಗಿಸಿ, ಪೈಪ್ ಹಾಯಿಸಿ, ಆ ಗುಂಡಿಗೆ ಒಡೆದ ಇಟ್ಟಿಗೆ, ಗಾರೆಯ ಹೆಂಟೆಗಳನ್ನು ಸುರಿದು ಮೇಲೆ ಟೈಲ್ಸ್ ಕೂರಿಸುತ್ತಾರೆ. ಟೈಲ್ಸ್ ಸಂದಿಯಿಂದ ಇಳಿದ ನೀರು ಆ ಗುಂಡಿಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಕೆಳಗಿನ ಚಾವಣಿಯಲ್ಲಿ ಬಿಳಿ ಉಪ್ಪು ಹೂವರಳಿದಂತೆ ಕಾಣುವುದು ಮೊದಲ ಹಂತ. ಕಂಬಿಯ ಜಾಡು ಹಿಡಿದು ಕಂದು ಗೆರೆ ಮೂಡಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಪದರ ಯಾರದೋ ತಲೆಯ ಮೇಲೆ ಬೀಳಲಿದೆ. ಅಂಥ ಕಡೆ ಮಗುವನ್ನು ಮಲಗಿಸುವ ಕುಟುಂಬಕ್ಕೆ ಬಣ್ಣ ಬಳಿದು ಮನೆ ಕೊಡುವುದು ಅಪರಾಧ ಎಂದೇ ನಾನು ತಿಳಿಯುತ್ತೇನೆ. ಸದ್ದು ಟೊಳ್ಳಾಗಿದ್ದರೆ ಮೊದಲು ಆ ಕೋಣೆ ಖಾಲಿ ಮಾಡಿಸಿ, ಕಟ್ಟಡದ ಬಲ ಪರೀಕ್ಷಿಸುವ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ದುರಸ್ತಿ ಮೇಲಿನಿಂದಲೇ ಆಗಬೇಕು. ಟೈಲ್ಸ್ ಕಿತ್ತು, ತುಂಬಿದ್ದನ್ನೆಲ್ಲ ತೆಗೆದು, ಸ್ಲ್ಯಾಬ್ ತೊಳೆದು ಒಣಗಿಸಿ. ನೆಲ–ಗೋಡೆ ಸೇರುವ ಮೂಲೆಗಳಿಗೆ ಗಾರೆಯ ಇಳಿಜಾರು ಕೊಟ್ಟು, ಪಾಲಿಮರ್ ಬೆರೆತ ಸಿಮೆಂಟ್ ಲೇಪನವನ್ನು ಎರಡು ಪದರ ಹಚ್ಚಿಸಿ. ಲೇಪನ ಗೋಡೆಯ ಮೇಲೂ ಒಂದು ಅಡಿಯಾದರೂ ಏರಬೇಕು, ಷವರ್ ಇರುವ ಕಡೆ ಆಳೆತ್ತರ. ಆಮೇಲೆ ಮತ್ತೆ ಎರಡು ದಿನ ನೀರು ನಿಲ್ಲಿಸಿ. ಆ ಪರೀಕ್ಷೆ ಮುಗಿಯುವ ಮೊದಲು ಟೈಲ್ಸ್ ಪೆಟ್ಟಿಗೆ ಬಿಚ್ಚಲು ಮೇಸ್ತ್ರಿಗೆ ಬಿಡಬೇಡಿ. ಗುಂಡಿಯ ತಳದ ಮಟ್ಟದಲ್ಲೇ ನೀರು ಹೊರಹೋಗಲು ಒಂದು ಸಣ್ಣ ಪೈಪ್ ಇಡಿಸಿ. ಮನೆ ಖಾಲಿಯಾದಾಗಲೇ ಈ ಕೆಲಸ ಮುಗಿಸಿ, ಒಂದು ತಿಂಗಳ ಬಾಡಿಗೆ ಹೋದರೂ ಚಿಂತೆಯಿಲ್ಲ.

ಪ್ರಶ್ನೆ: ದುರಸ್ತಿಗೆ ಬಾಡಿಗೆದಾರರ ಮುಂಗಡ ಬಳಸಬಹುದೇ? ಒಂದು ಮನೆಯನ್ನು ಭೋಗ್ಯಕ್ಕೆ (ತಿಂಗಳ ಬಾಡಿಗೆಯ ಬದಲು ದೊಡ್ಡ ಮೊತ್ತ ಪಡೆದು, ಬಿಡುವಾಗ ಹಿಂದಿರುಗಿಸುವ ಕರಾರಿಗೆ) ಕೊಟ್ಟರೆ?

ಉತ್ತರ: ಎರಡೂ ಸಾಲ. ಅವರು ಬಿಡುವ ದಿನ ಪೂರ್ತಿ ಹಣ ಎಣಿಸಿ ಕೊಡುವ ದಾರಿ ಇಲ್ಲದವರು ಮುಟ್ಟಬಾರದು.

ಪ್ರಶ್ನೆ: ಇನ್ನೊಂದು ಅಂತಸ್ತು ಏರಿಸಿದರೆ ಬಾಡಿಗೆ ಹೆಚ್ಚುತ್ತದಲ್ಲವೇ?

ಉತ್ತರ: 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ, 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡಗಳೇ ಕುಸಿದು ಜನ ಸತ್ತರು. ಅಡಿಪಾಯದ ನಕ್ಷೆಯೂ ಇಲ್ಲದ ಹಳೆಯ ಕಟ್ಟಡದ ಮೇಲೆ ಹೊರೆ ಹೇರಲು ನಾನು ಒಪ್ಪುವುದಿಲ್ಲ.

ಪ್ರಶ್ನೆ: ವಾಸ್ತು ಸರಿಪಡಿಸಲು ಬೀಮ್ ಸ್ವಲ್ಪ ಕತ್ತರಿಸಬೇಕಂತೆ.

ಉತ್ತರ: ಹಾಗೆಂದವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಹನ್ನೆರಡು ವರ್ಷ ಇದ್ದರೆ ಬಾಡಿಗೆದಾರರದ್ದೇ ಮನೆಯಾಗುತ್ತದೆಯೇ?

ಉತ್ತರ: ಇಲ್ಲ. ಆ 12 ವರ್ಷದ ಲೆಕ್ಕ ಮಾಲೀಕರ ಹಕ್ಕನ್ನು ಧಿಕ್ಕರಿಸಿ ಕುಳಿತವರಿಗೆ, ನಿಮ್ಮನ್ನು ಮಾಲೀಕರೆಂದು ಒಪ್ಪಿ ಬಾಡಿಗೆ ಕೊಡುತ್ತಿರುವವರಿಗಲ್ಲ. ಈ ಭಯಕ್ಕೆ ಒಳ್ಳೆಯ ಬಾಡಿಗೆದಾರರನ್ನು ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಎಬ್ಬಿಸಬೇಡಿ. ಕರಾರನ್ನು ನವೀಕರಿಸಿ, ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಪಡೆಯಿರಿ.